ಅಡಿಕೆಯ ಅರೆಕೋಲಿನ್ ಮತ್ತು ಪ್ರಾಣಾಂತಿಕ 'ಶಾಕ್': ಸಂಶೋಧನೆ ಹೇಳುವುದೇನು?

ಅಡಿಕೆಯ ಬಗ್ಗೆ ಎರಡು ಬಗೆಯ ಸುದ್ದಿಗಳು ನಮ್ಮ ಬೆಳೆಗಾರ ಬಂಧುಗಳ ಕಿವಿಗೆ ಆಗಾಗ ಬೀಳುತ್ತಿರುತ್ತವೆ. ಅಡಿಕೆ ವಿಷ, ಅದನ್ನು ನಿಷೇಧಿಸಬೇಕು ಎಂಬುದು ಒಂದು. ಅಡಿಕೆಯಲ್ಲಿ ಅಮೂಲ್ಯ ಔಷಧಿ ಅಡಗಿದೆ, ಇನ್ನು ಧಾರಣೆಯ ಚಿಂತೆಯಿಲ್ಲ ಎಂಬುದು ಇನ್ನೊಂದು. ಮೊದಲನೆಯದನ್ನು ಕೇಳಿದ ದಿನ ಊಟ ರುಚಿಸುವುದಿಲ್ಲ. ಎರಡನೆಯದನ್ನು ಕೇಳಿದ ದಿನ ಹೊಸ ಸಸಿ ಇಡಲು ಗುಂಡಿ ತೆಗೆಸುವ ಮನಸ್ಸಾಗುತ್ತದೆ. ಎರಡೂ ಸಂದರ್ಭದಲ್ಲಿ ಸ್ವಲ್ಪ ನಿಂತು ವಿಚಾರಿಸುವುದು ಲೇಸು.

ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಸತ್ವಕ್ಕೂ, ಅಪಘಾತದಲ್ಲಿ ರಕ್ತ ಕಳೆದುಕೊಂಡವರಿಗೆ ಅಥವಾ ತೀವ್ರ ಸೋಂಕು ತಗಲಿದವರಿಗೆ ಬರುವ 'ಶಾಕ್' ಎಂಬ ಪ್ರಾಣಾಂತಿಕ ಸ್ಥಿತಿಗೂ ಸಂಬಂಧ ಕಲ್ಪಿಸುವ ಮಾತು ಈ ಎರಡನೆಯ ಬಗೆಯದು. ಇದರಲ್ಲಿ ಹುರುಳಿದೆ, ಆದರೆ ನಾವು ಅಂದುಕೊಳ್ಳುವ ರೀತಿಯಲ್ಲಿ ಅಲ್ಲ. ವೈದ್ಯರಿಗಾಗಿ ಬರೆದ ವಿಷಯವನ್ನು ತೋಟಗಾರರ ಮಾತಿನಲ್ಲಿ ಹೇಳಲು ಇಲ್ಲಿ ಪ್ರಯತ್ನಿಸಿದ್ದೇವೆ.

ಶಾಕ್ ಎಂದರೆ ಏನು?

ಕರೆಂಟಿನ ಶಾಕ್ ಅಥವಾ ಕೆಟ್ಟ ಸುದ್ದಿ ಕೇಳಿ ಮನಸ್ಸಿಗಾಗುವ ಆಘಾತ ಇಲ್ಲಿಯ ವಿಷಯವಲ್ಲ. ವೈದ್ಯರ ಭಾಷೆಯಲ್ಲಿ ಶಾಕ್ ಎಂದರೆ ರಕ್ತ ಪರಿಚಲನೆಯೇ ಸೋಲುವುದು. ಮಿದುಳು, ಮೂತ್ರಪಿಂಡ, ಯಕೃತ್ತು ಮೊದಲಾದ ಅಂಗಗಳಿಗೆ ಬೇಕಾದಷ್ಟು ರಕ್ತ, ಅದರೊಂದಿಗೆ ಆಮ್ಲಜನಕ, ತಲುಪದೇ ಹೋಗುವ ಸ್ಥಿತಿ ಅದು.

ಗುಡ್ಡದ ಕೆರೆಯಿಂದ ಪೈಪಿನಲ್ಲಿ ನೀರು ತಂದು ತೋಟಕ್ಕೆ ಹಾಯಿಸುವವರಿಗೆ ಇದು ಸುಲಭವಾಗಿ ಅರ್ಥವಾದೀತು. ತೋಟದ ತುದಿಯ ಮರಕ್ಕೆ ನೀರು ಮುಟ್ಟುತ್ತಿಲ್ಲವೆಂದರೆ ಕಾರಣ ಮೂರರಲ್ಲಿ ಒಂದಿರಬೇಕು. ಕೆರೆಯಲ್ಲಿ ನೀರೇ ಇಲ್ಲದಿರಬಹುದು. ಪಂಪು ಕೆಟ್ಟಿರಬಹುದು. ಅಥವಾ ನೀರೂ ಇದ್ದು ಪಂಪೂ ಓಡುತ್ತಿದ್ದು, ಪೈಪುಗಳೆಲ್ಲ ಎಲ್ಲೆಂದರಲ್ಲಿ ಬಾಯಿ ಬಿಟ್ಟು ಒತ್ತಡವೇ ನಿಲ್ಲದಿರಬಹುದು. ದೇಹದಲ್ಲಿಯೂ ಹಾಗೆಯೇ. ರಕ್ತಸ್ರಾವದಿಂದ ಬರುವುದು ಮೊದಲ ಬಗೆ. ಹೃದಯಾಘಾತದಿಂದ ಬರುವುದು ಎರಡನೆಯದು. ತೀವ್ರ ಸೋಂಕಿನಿಂದಲೋ, ಕಣಜ ಕಡಿದು ಮೈಗೆ ಒಗ್ಗದೆ ಹೋದಾಗಲೋ ರಕ್ತನಾಳಗಳು ಸಡಿಲಗೊಂಡು ಬರುವುದು ಮೂರನೆಯದು. ಅಮೆರಿಕದ ಶಸ್ತ್ರವೈದ್ಯ ಆಲ್ಫ್ರೆಡ್ ಬ್ಲೇಲಾಕ್ 1930ರ ದಶಕದಲ್ಲಿಯೇ ಶಾಕ್‌ಅನ್ನು ಹೀಗೆ ಬಗೆಬಗೆಯಾಗಿ ವಿಂಗಡಿಸಿ ತೋರಿಸಿದರು. ಗಾಯಗೊಂಡವರು ಶಾಕ್‌ಗೆ ಒಳಗಾಗುವುದಕ್ಕೆ ರಕ್ತ ಮತ್ತು ದ್ರವದ ನಷ್ಟವೇ ಮುಖ್ಯ ಕಾರಣವೆಂದು ಅವರು ಸಿದ್ಧಪಡಿಸಿದ್ದರಿಂದ ಎರಡನೆಯ ಮಹಾಯುದ್ಧದಲ್ಲಿ ಅಸಂಖ್ಯ ಸೈನಿಕರಿಗೆ ರಕ್ತ ಮತ್ತು ಪ್ಲಾಸ್ಮಾ ಕೊಟ್ಟು ಉಳಿಸುವುದು ಸಾಧ್ಯವಾಯಿತು.

ವಯಸ್ಕನ ಮೈಯಲ್ಲಿ ಸುಮಾರು 5 ಲೀಟರು ರಕ್ತವಿರುತ್ತದೆ. ಅದರಲ್ಲಿ ಮುಕ್ಕಾಲು ಲೀಟರು ಹೋದರೂ ದೇಹ ಹೇಗೋ ಸರಿದೂಗಿಸಿಕೊಳ್ಳುತ್ತದೆ. ಒಂದೂವರೆ ಲೀಟರು ದಾಟಿತೆಂದರೆ ರಕ್ತದ ಒತ್ತಡ ಕುಸಿಯಲಾರಂಭಿಸುತ್ತದೆ. ನಾಡಿ ವೇಗವಾಗಿ, ಎಳೆಯಾಗಿ ಓಡುತ್ತದೆ. ಚರ್ಮ ತಣ್ಣಗಾಗಿ ಬೆವರುತ್ತದೆ. ರೋಗಿ ಮೊದಲು ಚಡಪಡಿಸುತ್ತಾನೆ, ಆಮೇಲೆ ಮಂಕಾಗುತ್ತಾನೆ. ಮರದಿಂದ ಬಿದ್ದ ಕೊನೆಗಾರನಲ್ಲಿ ರಕ್ತ ಹೊರಗೆ ಕಾಣದೆ ಹೊಟ್ಟೆಯೊಳಗೋ, ತೊಡೆಯೊಳಗೋ ಸುರಿಯುತ್ತಿರಬಹುದು. ಆದ್ದರಿಂದಲೇ ಈ ವಿಷಯ ನಮ್ಮ ತೋಟಗಳಿಗೆ ದೂರದ್ದಲ್ಲ.

ಅಡಿಕೆ ಸೊಕ್ಕುವುದು ಏಕೆ?

ಈಗ ಅಡಿಕೆಗೆ ಬರೋಣ. ಅಭ್ಯಾಸವಿಲ್ಲದವರು ಹಸಿ ಅಡಿಕೆ ತಿಂದರೆ ಸೊಕ್ಕುತ್ತದೆಂಬುದು ನಮ್ಮ ಮಕ್ಕಳಿಗೂ ಗೊತ್ತು. ಕಿವಿ ಬಿಸಿಯಾಗುತ್ತದೆ, ಹಣೆಯಲ್ಲಿ ಬೆವರು ಒಡೆಯುತ್ತದೆ, ಬಾಯಲ್ಲಿ ನೀರೂರುತ್ತದೆ, ಎದೆ ಹಿಡಿದಂತಾಗಿ ತಲೆ ತಿರುಗುತ್ತದೆ. ಹಿರಿಯರು ತಣ್ಣೀರು ಕುಡಿಸಿ, ಒಂದು ಚೂರು ಬೆಲ್ಲ ಕೊಟ್ಟು, ಜಗಲಿಯ ಮೇಲೆ ಮಲಗಿಸುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಸರಿಹೋಗುತ್ತದೆ. ಪ್ರಯೋಗಶಾಲೆಗಳಲ್ಲಿ ಪ್ರಾಣಿಗಳಿಗೆ ಅರೆಕೋಲಿನ್ ಚುಚ್ಚಿ ನೋಡಿದ್ದರ ಸಣ್ಣ ರೂಪವೇ ನಮ್ಮ ಜಗಲಿಯ ಈ ಸೊಕ್ಕು.

ಅಡಿಕೆಯಲ್ಲಿ ಅರೆಕೋಲಿನ್, ಅರೆಕೈಡಿನ್, ಗುವಾಸಿನ್, ಗುವಾಕೋಲಿನ್ ಎಂಬ ನಾಲ್ಕು ಮುಖ್ಯ ಆಲ್ಕಲಾಯಿಡ್‌ಗಳು, ಅಂದರೆ ಸಸ್ಯಕ್ಷಾರಗಳು, ಇವೆ. ಕಾಫಿಯ ಕೆಫೀನ್, ಹೊಗೆಸೊಪ್ಪಿನ ನಿಕೋಟಿನ್ ಇವೂ ಇದೇ ಕುಲದವು. ಜರ್ಮನಿಯ ಔಷಧಶಾಸ್ತ್ರಜ್ಞ ಯಾನ್ಸ್ 1888ರಲ್ಲಿ ಅಡಿಕೆಯ ಆಲ್ಕಲಾಯಿಡ್‌ಗಳ ಬಗ್ಗೆ ಬರೆದು ಅರೆಕೋಲಿನ್‌ನ ರಸಾಯನವನ್ನು ಸ್ಪಷ್ಟಪಡಿಸಿದರು. ಶುದ್ಧ ಅರೆಕೋಲಿನ್ ಬಣ್ಣವಿಲ್ಲದ, ಎಣ್ಣೆಯಂಥ ದ್ರವ. ಒಣ ಅಡಿಕೆಯಲ್ಲಿ ಅದರ ಪ್ರಮಾಣ ಸಾಮಾನ್ಯವಾಗಿ ನೂರಕ್ಕೆ ಅರ್ಧ ಪಾಲಿನ ಆಸುಪಾಸು. ಬಲಿತದ್ದೋ ಎಳೆಯದೋ, ಚಾಲಿಯೋ ಬೇಯಿಸಿದ್ದೋ ಎಂಬುದರ ಮೇಲೆ ಅದು ಹೆಚ್ಚು ಕಡಿಮೆಯಾಗುತ್ತದೆ. ಬೇಯಿಸುವಾಗ ಒಂದಷ್ಟು ಚೊಗರಿನೊಳಗೆ ಇಳಿದುಹೋಗುತ್ತದೆ. ಸುಣ್ಣ ಹಚ್ಚಿ ಜಗಿದಾಗ ಅರೆಕೋಲಿನ್‌ನ ಒಂದು ಭಾಗ ಅರೆಕೈಡಿನ್ ಆಗಿ ಮಾರ್ಪಡುತ್ತದೆ. ಈ ಅರೆಕೈಡಿನ್‌ಗೆ ಹೃದಯ, ರಕ್ತನಾಳಗಳ ಮೇಲೆ ಅರೆಕೋಲಿನ್‌ನಂಥ ಪ್ರಭಾವವಿಲ್ಲ.

ಒಂದೇ ಕೈ, ಹಲವು ಬೀಗ

ಅರೆಕೋಲಿನ್ ಮೈಯಲ್ಲಿ ಮಾಡುವುದೇನು ಎಂಬುದನ್ನು ತಿಳಿಯಲು 1921ರ ಒಂದು ಪ್ರಯೋಗವನ್ನು ನೆನೆಯಬೇಕು. ಆಸ್ಟ್ರಿಯಾದ ಗ್ರಾಟ್ಸ್ ನಗರದಲ್ಲಿ ಓಟೋ ಲೋವಿ ಎಂಬ ವಿಜ್ಞಾನಿ ಎರಡು ಕಪ್ಪೆಗಳ ಹೃದಯಗಳನ್ನು ಬೇರೆ ಬೇರೆ ಪಾತ್ರೆಗಳಲ್ಲಿ ಮಿಡಿಯುವಂತೆ ಇಟ್ಟರು. ಮಿದುಳಿನಿಂದ ಹೃದಯ, ಜಠರ, ಕರುಳುಗಳವರೆಗೆ ಹರಿಯುವ ವೇಗಸ್ ಎಂಬ ನರವನ್ನು ಮೊದಲನೆಯ ಹೃದಯದಲ್ಲಿ ಕೆರಳಿಸಿದಾಗ ಅದರ ಮಿಡಿತ ನಿಧಾನವಾಯಿತು. ಆ ಹೃದಯವನ್ನು ತೊಯ್ಸಿದ ದ್ರವವನ್ನು ಎರಡನೆಯ ಹೃದಯಕ್ಕೆ ಹಾಕಿದರೆ ಅದೂ ನಿಧಾನವಾಯಿತು! ನರ ಕೊಡುವ ಆಜ್ಞೆ ಒಂದು ರಾಸಾಯನಿಕದ ಮೂಲಕ ಹೋಗುತ್ತದೆಂದು ಇದರಿಂದ ಖಚಿತವಾಯಿತು. ಅದೇ ಅಸಿಟೈಲ್‌ಕೋಲಿನ್. ಪ್ರಯೋಗದ ಯೋಜನೆ ನಿದ್ರೆಯಲ್ಲಿ ಹೊಳೆಯಿತೆಂದು ಲೋವಿಯವರೇ ಹೇಳಿಕೊಂಡಿದ್ದಾರೆ. ಇಂಗ್ಲೆಂಡಿನ ಹೆನ್ರಿ ಡೇಲ್ ಅವರೊಂದಿಗೆ 1936ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಅಸಿಟೈಲ್‌ಕೋಲಿನ್ ಒಂದು ಬೀಗದ ಕೈ ಇದ್ದಂತೆ. ಅದು ತೆರೆಯುವ ಬೀಗಗಳಿಗೆ ಗ್ರಾಹಿಗಳೆಂದು ಹೆಸರು. ಇವುಗಳಲ್ಲಿ ಎರಡು ಪಂಗಡವೆಂದು ಡೇಲ್ 1914ರಲ್ಲಿಯೇ ತೋರಿಸಿದ್ದರು. ಮಸ್ಕರಿನ್ ಎಂಬ ಅಣಬೆಯ ವಿಷಕ್ಕೆ ತೆರೆಯುವುದು ಒಂದು, ನಿಕೋಟಿನ್‌ಗೆ ತೆರೆಯುವುದು ಇನ್ನೊಂದು. ಅಡಿಕೆಯ ಅರೆಕೋಲಿನ್ ಮುಖ್ಯವಾಗಿ ಮೊದಲ ಪಂಗಡದ ಬೀಗಗಳಿಗೆ ಹೊಂದುವ ನಕಲಿ ಕೈ. ಈ ಬೀಗಗಳು ಮೈಯಲ್ಲಿ ಒಂದೇ ಕಡೆ ಇಲ್ಲ. ಜೊಲ್ಲಿನ ಗ್ರಂಥಿಯಲ್ಲಿವೆ, ಬೆವರಿನ ಗ್ರಂಥಿಯಲ್ಲಿವೆ, ಹೃದಯದಲ್ಲಿವೆ, ರಕ್ತನಾಳಗಳ ಒಳಪದರದಲ್ಲಿವೆ, ಮಿದುಳಿನಲ್ಲಿಯೂ ಇವೆ. ಮುಂದಿನ ಕತೆಯೆಲ್ಲ ನಿಂತಿರುವುದು ಇದರ ಮೇಲೆ.

ಹೃದಯದ ಬೀಗ ತೆರೆದರೆ ಮಿಡಿತ ಇಳಿಯುತ್ತದೆ. ರಕ್ತನಾಳದ ಒಳಪದರದ ಬೀಗ ತೆರೆದರೆ ಅಲ್ಲಿಂದ ನೈಟ್ರಿಕ್ ಆಕ್ಸೈಡ್ ಹೊರಟು ನಾಳ ಅಗಲವಾಗುತ್ತದೆ. ಇದರ ಜಾಡನ್ನು 1980ರಲ್ಲಿ ಹಿಡಿದ ರಾಬರ್ಟ್ ಫರ್ಚ್‌ಗಾಟ್ ಅವರಿಗೆ 1998ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಸಿಕ್ಕಿತು. ಎರಡರ ಪರಿಣಾಮವೂ ರಕ್ತದೊತ್ತಡ ಕೆಳಗಿಳಿಯುವುದೇ. ಅಂದ ಮೇಲೆ ಒತ್ತಡ ಕುಸಿದು ಸಾಯುತ್ತಿರುವ ರೋಗಿಗೆ ಅರೆಕೋಲಿನ್ ಕೊಡುವುದೆಂದರೆ ಬೀಳುವ ಮನೆಗೆ ಭುಜ ಕೊಟ್ಟು ನೂಕಿದಂತಾಗಬೇಕಲ್ಲವೇ? ಬರಿಯ ಮೈಯ ಲೆಕ್ಕ ಹಿಡಿದರೆ ಹಾಗೆಯೇ ಆಗಬೇಕು. ಆದರೆ ಮಿದುಳಿನ ಲೆಕ್ಕ ಬೇರೆಯಾಗಿದೆ.

ಇಲಿಗಳಲ್ಲಿ ಕಂಡದ್ದು

ಪಶ್ಚಿಮ ಆಫ್ರಿಕಾದಲ್ಲಿ ಕಲಬಾರ್ ಅವರೆ ಎಂಬ ವಿಷದ ಕಾಳಿದೆ. ಅದರಿಂದ ತೆಗೆದ ಫೈಸೋಸ್ಟಿಗ್ಮಿನ್ ಎಂಬ ಸತ್ವ ಮೈಯಲ್ಲಿ ಅಸಿಟೈಲ್‌ಕೋಲಿನ್ ಬೇಗನೆ ನಾಶವಾಗದಂತೆ ತಡೆಯುತ್ತದೆ. ಇದನ್ನು ಇಲಿಗೆ ಚುಚ್ಚಿದರೆ ರಕ್ತದೊತ್ತಡ ಇಳಿಯುವ ಬದಲು ಏರುತ್ತದೆಂದು ಯುಗೊಸ್ಲಾವಿಯಾದ ವರಾಗಿಚ್ 1955ರಲ್ಲಿ ಪ್ರಕಟಿಸಿದರು. ಕಾರಣವನ್ನು ಹುಡುಕುತ್ತಾ ಹೋದಂತೆ, ಮಿದುಳಿನೊಳಗಿನ ಗ್ರಾಹಿಗಳು ಎಚ್ಚರಗೊಂಡಾಗ ಅಲ್ಲಿಂದ ರಕ್ತನಾಳಗಳನ್ನು ಬಿಗಿಯುವ ಆಜ್ಞೆ ಹೊರಡುತ್ತದೆಂದು ತಿಳಿದುಬಂತು.

ಅರೆಕೋಲಿನ್‌ನದೂ ಇದೇ ಬಗೆ. ಅದನ್ನೊಂದನ್ನೇ ರಕ್ತಕ್ಕೆ ಕೊಟ್ಟರೆ ಒತ್ತಡ ಇಳಿಯುತ್ತದೆ. ಮಿದುಳಿನೊಳಕ್ಕೆ ಹೋಗಲಾರದ, ಮೈಯ ಬೀಗಗಳನ್ನು ಮಾತ್ರ ಮುಚ್ಚುವ ಮೀಥೈಲ್ ಅಟ್ರೊಪಿನ್ ಎಂಬ ಔಷಧಿಯನ್ನು ಮೊದಲೇ ಕೊಟ್ಟು, ಆಮೇಲೆ ಅರೆಕೋಲಿನ್ ಕೊಟ್ಟರೆ ಒತ್ತಡ ಏರುತ್ತದೆ. ಅರೆಕೋಲಿನ್ ಸಣ್ಣ ಅಣು, ಮಿದುಳಿನ ಬೇಲಿಯನ್ನು ಸುಲಭವಾಗಿ ದಾಟಬಲ್ಲದು. ಹೊರಗಿನ ಬಾಗಿಲುಗಳಿಗೆ ಅಗುಳಿ ಹಾಕಿದಾಗ ಒಳಗೆ ಅದು ಮಾಡುವ ಕೆಲಸ ಬೆಳಕಿಗೆ ಬಂತು. ಒಂದೇ ವಸ್ತು, ಒಂದೇ ಬಗೆಯ ಬೀಗ. ಯಾವ ಕೋಣೆಯ ಬೀಗ ಎಂಬುದರ ಮೇಲೆ ಫಲ ತಲೆಕೆಳಗಾಗುತ್ತದೆ.

ಇದನ್ನು ಶಾಕ್‌ಗೆ ಹೊಂದಿಸಿ ನೋಡಿದವರಲ್ಲಿ ಇಟಲಿಯ ಮೊದೆನಾ ವಿಶ್ವವಿದ್ಯಾಲಯದ ಬೆರ್ತೋಲಿನಿ, ಗ್ವಾರಿನಿ ಮೊದಲಾದವರು ಪ್ರಮುಖರು. ಇಲಿಗಳ ಮೈಯಿಂದ ಬಹುಪಾಲು ರಕ್ತವನ್ನು ಹೊರತೆಗೆದು, ಹಾಗೆಯೇ ಬಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಎಲ್ಲವೂ ಸಾಯುವಂಥ ಸ್ಥಿತಿಗೆ ಅವರು ತರುತ್ತಿದ್ದರು. ಅಸಿಟೈಲ್‌ಕೋಲಿನ್‌ನಂತೆ ವರ್ತಿಸುವ ಔಷಧಿಗಳನ್ನು ಆ ಹಂತದಲ್ಲಿ ಕೊಟ್ಟರೆ ಕುಸಿದ ಒತ್ತಡ ಮತ್ತೆ ಏರುತ್ತದೆ, ಶಾಕ್ ಹಿಮ್ಮೆಟ್ಟುತ್ತದೆ ಎಂದು 1989ರಲ್ಲಿ ಬ್ರಿಟಿಷ್ ಔಷಧಶಾಸ್ತ್ರ ಪತ್ರಿಕೆಯೊಂದರಲ್ಲಿ ವರದಿ ಮಾಡಿದರು. ಇಸ್ತಾಂಬುಲ್‌ನ ಸಂಶೋಧಕರು 1994ರಲ್ಲಿ ಆಕ್ಸೋಟ್ರೆಮೊರಿನ್ ಎಂಬ ಔಷಧಿಯಿಂದ ಇದೇ ಬಗೆಯ ಫಲ ಪಡೆದರು. ಈ ಆಕ್ಸೋಟ್ರೆಮೊರಿನ್ ಪ್ರಯೋಗಶಾಲೆಯಲ್ಲಿ ತಯಾರಾದದ್ದು, ಆದರೆ ಕೆಲಸದಲ್ಲಿ ನಮ್ಮ ಅರೆಕೋಲಿನ್‌ನ ದಾಯಾದಿ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಹೊರಗಿನಿಂದ ರಕ್ತ ತುಂಬದೆ, ಇರುವ ಅಲ್ಪ ರಕ್ತವನ್ನೇ ಮುಖ್ಯ ಅಂಗಗಳ ಕಡೆಗೆ ತಿರುಗಿಸಿ ಸಮಯ ಗಳಿಸುವುದು ಈ ಪ್ರಯೋಗಗಳ ತಿರುಳು. ಬೇಸಿಗೆಯಲ್ಲಿ ಕೆರೆಯ ನೀರು ತಳ ಹಿಡಿದಾಗ ಕೆಳಗಿನ ಗದ್ದೆಯ ಕವಾಟ ಮುಚ್ಚಿ ಎಳೆ ಅಡಿಕೆ ಸಸಿಗಳ ಕಡೆಗೆ ಮಾತ್ರ ಬಿಡುವುದಿಲ್ಲವೇ? ಮಳೆ ಬರುವವರೆಗೆ ಅದು ಸಾಕು. ಮಳೆಗೆ ಅದು ಬದಲಿಯಲ್ಲ.

ಉರಿಯ ಕಡೆಯಿಂದ ಬಂದ ದಾರಿ

2000ನೇ ಇಸವಿಯಲ್ಲಿ ಇದೇ ವಿಷಯಕ್ಕೆ ಇನ್ನೊಂದು ಕಡೆಯಿಂದ ದಾರಿ ತೆರೆಯಿತು. ತೀವ್ರ ಸೋಂಕಿನಲ್ಲಿ ರೋಗಿಯನ್ನು ಕೊಲ್ಲುವುದು ಸೂಕ್ಷ್ಮಜೀವಿ ಮಾತ್ರವಲ್ಲ. ಅದನ್ನು ಎದುರಿಸಲು ಮೈ ಹೊತ್ತಿಸಿಕೊಂಡ ಉರಿಯೂತವೇ ಹದ ಮೀರಿ ಮನೆ ಸುಡುತ್ತದೆ. ಟಿಎನ್‌ಎಫ್ ಎಂಬ ಪದಾರ್ಥ ಈ ಬೆಂಕಿಗೆ ಮುಖ್ಯ ಎಣ್ಣೆ. ಅಮೆರಿಕದ ನ್ಯೂಯಾರ್ಕ್ ಬಳಿಯ ಕೆವಿನ್ ಟ್ರೇಸಿ ಮತ್ತು ಅವರ ಸಂಗಡಿಗರು ಇಲಿಗಳಿಗೆ ಸೂಕ್ಷ್ಮಜೀವಿಯ ವಿಷವನ್ನು ಕೊಟ್ಟು, ಅದೇ ಸಮಯಕ್ಕೆ ವೇಗಸ್ ನರವನ್ನು ವಿದ್ಯುತ್ತಿನಿಂದ ಕೆರಳಿಸಿದರು. ಟಿಎನ್‌ಎಫ್ ತಗ್ಗಿತು, ಇಲಿಗಳು ಶಾಕ್‌ಗೆ ಜಾರಲಿಲ್ಲ. ಹೃದಯವನ್ನು ನಿಧಾನಗೊಳಿಸುವ ಲೋವಿಯವರ ಹಳೆಯ ನರ ಉರಿಯನ್ನೂ ಆರಿಸಬಲ್ಲದೆಂದು ಹೀಗೆ ಗೊತ್ತಾಯಿತು. ಈ ಕೆಲಸಕ್ಕೆ ಆಲ್ಫಾ-7 ಎಂಬ ನಿಕೋಟಿನಿಕ್ ಗ್ರಾಹಿ ಅವಶ್ಯವೆಂದು 2003ರಲ್ಲಿ ಅದೇ ತಂಡ ತೋರಿಸಿತು. ಅದೇ ವರ್ಷ ಮೊದೆನಾದವರು ರಕ್ತಸ್ರಾವದ ಶಾಕ್‌ನಲ್ಲಿಯೂ ವೇಗಸ್ ನರದ ಪ್ರಚೋದನೆ ರಕ್ಷಣೆ ಕೊಡುತ್ತದೆಂದು ವರದಿ ಮಾಡಿದರು.

ಅರೆಕೋಲಿನ್ ಹೆಚ್ಚಾಗಿ ಮಸ್ಕರಿನ್ ಪಂಗಡದ್ದೆಂದು ಮೇಲೆ ಹೇಳಿದೆವು. ಆದರೆ ಅದಕ್ಕೆ ನಿಕೋಟಿನ್ ಪಂಗಡದ ಕೆಲವು ಗ್ರಾಹಿಗಳೊಂದಿಗೂ ಸ್ವಲ್ಪ ನಂಟಿದೆಯೆಂದು ಅಮೆರಿಕದ ಫ್ಲಾರಿಡಾದ ರೋಜರ್ ಪಾಪ್ಕೆ ಮತ್ತು ಸಹೋದ್ಯೋಗಿಗಳು 2015ರಲ್ಲಿ ತೋರಿಸಿದರು. ಎಲೆಅಡಿಕೆಯ ಚಟಕ್ಕೆ ಒಂದು ಕಾರಣ ಇದಿರಬಹುದು, ಉರಿಯೂತ ತಗ್ಗಿಸುವ ಗುಣಕ್ಕೂ ಇದೇ ದಾರಿಯಾಗಬಹುದು ಎಂಬುದು ಅವರ ಊಹೆ. ಇದರಲ್ಲಿ ನಮ್ಮ ಗಮನ ಸೆಳೆಯಬೇಕಾದ್ದು, ಗುಣವನ್ನೂ ದೋಷವನ್ನೂ ಅವರು ಒಂದೇ ಬೇರಿನಲ್ಲಿ ಕಂಡರು ಎಂಬುದು.

ಇಲಿಯಿಂದ ಮನುಷ್ಯನಿಗೆ

ಇಷ್ಟು ಓದಿದ ಮೇಲೆ, ಹಾಗಾದರೆ ಆಸ್ಪತ್ರೆಗಳಲ್ಲಿ ಅರೆಕೋಲಿನ್ ಇಟ್ಟುಕೊಂಡಿರಬೇಕಲ್ಲ ಎಂದು ಬಂಧುಗಳು ಕೇಳಿಯಾರು. ಇಲ್ಲ. ಮನುಷ್ಯರ ಶಾಕ್‌ಗೆ ಅರೆಕೋಲಿನ್ ಅಂಗೀಕೃತ ಚಿಕಿತ್ಸೆಯಲ್ಲ. ರಕ್ತಸ್ರಾವ ನಿಲ್ಲಿಸುವುದು, ರಕ್ತ ಮತ್ತು ದ್ರವ ಕೊಡುವುದು, ಸೋಂಕಿದ್ದರೆ ತಡಮಾಡದೆ ಆಂಟಿಬಯಾಟಿಕ್ ಕೊಡುವುದು, ಒತ್ತಡ ಏರಿಸಲು ನಾರ್‌ಅಡ್ರಿನಲಿನ್‌ನಂಥ ಔಷಧಿಯನ್ನು ಹನಿಹನಿಯಾಗಿ ಹಾಯಿಸುವುದು, ವೈದ್ಯರ ಕೈಯಲ್ಲಿರುವ ಅಸ್ತ್ರಗಳು ಇವು.

ಇಲಿಗಳಲ್ಲಿ ಗೆದ್ದದ್ದು ಮನುಷ್ಯರಲ್ಲಿ ಗೆಲ್ಲದೇ ಹೋಗುವುದು ಈ ಕ್ಷೇತ್ರದಲ್ಲಿ ಹೊಸತಲ್ಲ. ಮೇಲೆ ಹೇಳಿದ ಟಿಎನ್‌ಎಫ್‌ಅನ್ನು ತಡೆಯುವ ಔಷಧಿಗಳು ಪ್ರಾಣಿಗಳಲ್ಲಿ ಅದ್ಭುತವಾಗಿ ಕೆಲಸ ಮಾಡಿದ್ದವು. 1990ರ ದಶಕದಲ್ಲಿ ಸೋಂಕಿನ ಶಾಕ್ ಇದ್ದ ರೋಗಿಗಳಿಗೆ ಕೊಟ್ಟು ನೋಡಿದಾಗ ನಿರೀಕ್ಷಿಸಿದ ಫಲ ಬರಲಿಲ್ಲ. ಕಲಬಾರ್ ಅವರೆಯ ಫೈಸೋಸ್ಟಿಗ್ಮಿನ್‌ಅನ್ನು ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಕೆಲವೇ ರೋಗಿಗಳ ಮೇಲೆ ಪರೀಕ್ಷಿಸಿದ್ದಾರೆ. ಅದರಿಂದಲೂ ಚಿಕಿತ್ಸೆಯ ಕ್ರಮ ಬದಲಾಗುವಂಥ ಫಲ ಬರಲಿಲ್ಲ. ಪ್ರಯೋಗದ ಇಲಿಗೆ ಮದ್ದು ನಿಮಿಷ ಲೆಕ್ಕದಲ್ಲಿ ಸಿಗುತ್ತದೆ. ಮನುಷ್ಯ ಆಸ್ಪತ್ರೆ ಮುಟ್ಟುವಾಗ ಗಂಟೆಗಳು ಕಳೆದಿರುತ್ತವೆ, ವಯಸ್ಸಾಗಿರುತ್ತದೆ, ಸಕ್ಕರೆ ಕಾಯಿಲೆ ಇರುತ್ತದೆ, ಮೂತ್ರಪಿಂಡ ಮೊದಲೇ ದಣಿದಿರುತ್ತದೆ.

ಅರೆಕೋಲಿನ್‌ನದೇ ಆದ ತೊಡಕೂ ಒಂದಿದೆ. ಅದು ಮೈಯ ಎಲ್ಲ ಕೋಣೆಗಳ ಬೀಗವನ್ನೂ ಒಟ್ಟಿಗೇ ತೆರೆಯುತ್ತದೆ. ಕೀಟನಾಶಕದ ವಿಷವೇರಿದವರನ್ನು ಕಂಡವರಿಗೆ ಇದು ಅರ್ಥವಾದೀತು. ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕಗಳು ಮೈಯಲ್ಲಿ ಅಸಿಟೈಲ್‌ಕೋಲಿನ್ ಮಿತಿಮೀರಿ ಸೇರುವಂತೆ ಮಾಡುತ್ತವೆ. ಜೊಲ್ಲು ಸುರಿಯುತ್ತದೆ, ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗುತ್ತದೆ, ಉಸಿರು ಕಟ್ಟುತ್ತದೆ, ನಾಡಿ ಇಳಿಯುತ್ತದೆ. ಆಸ್ಪತ್ರೆಯಲ್ಲಿ ಮೊದಲು ಕೊಡುವುದು ಅಟ್ರೊಪಿನ್. ಅರೆಕೋಲಿನ್ ಮಿತಿಮೀರಿದರೂ ಕಾಣುವ ಲಕ್ಷಣಗಳು ಇದೇ ತೆರನವು, ಮದ್ದೂ ಅದೇ ಅಟ್ರೊಪಿನ್.

ನಾಯಿಗಳ ವಿಷಯದಲ್ಲಿ ಇದಕ್ಕೆ ದೊಡ್ಡ ದಾಖಲೆಯೇ ಇದೆ. ನ್ಯೂಜಿಲೆಂಡಿನಲ್ಲಿ ಕುರಿಗಳಿಂದ ನಾಯಿಗಳಿಗೆ, ನಾಯಿಗಳಿಂದ ಮನುಷ್ಯರಿಗೆ ಹರಡುವ ಹೈಡಾಟಿಡ್ ಎಂಬ ಲಾಡಿಹುಳುವಿನ ರೋಗ ದೊಡ್ಡ ಪಿಡುಗಾಗಿತ್ತು. 1959ರಲ್ಲಿ ಅಲ್ಲಿನ ಸರ್ಕಾರ ಕಾಯಿದೆಯನ್ನೇ ತಂದು, ಊರೂರಿನ ನಾಯಿಗಳನ್ನು ಒಂದೆಡೆ ಕರೆಸಿ ಅರೆಕೋಲಿನ್ ಕುಡಿಸಿ ಭೇದಿ ಮಾಡಿಸುವ ಕ್ರಮ ನಡೆಸಿತು. ಹುಳುವಿದೆಯೋ ಇಲ್ಲವೋ ಎಂದು ಆ ಭೇದಿಯನ್ನು ಪರೀಕ್ಷಿಸುತ್ತಿದ್ದರು. ಕುರಿ ಕಾಯುವವರ ದೇಶಕ್ಕೆ ಅಡಿಕೆಯ ಸತ್ವ ಮಾಡಿದ ಈ ಉಪಕಾರ ನಮ್ಮಲ್ಲಿ ಬಹಳ ಮಂದಿಗೆ ತಿಳಿಯದು. ಆದರೆ ಪ್ರಮಾಣ ತಪ್ಪಿದರೆ ನಾಯಿಗಳು ವಾಂತಿ ಮಾಡಿ ಕುಸಿಯುತ್ತಿದ್ದವು. ಪ್ರಾಜಿಕ್ವಾಂಟೆಲ್ ಎಂಬ ನಿರಪಾಯದ ಮದ್ದು ಬಂದ ಮೇಲೆ ಅರೆಕೋಲಿನ್ ಹಿಂದೆ ಸರಿಯಿತು.

ನೆನಪಿನ ಔಷಧಿ, ಮನಸ್ಸಿನ ಔಷಧಿ

ಅರೆಕೋಲಿನ್ ಮನುಷ್ಯರಿಗೆ ಯಾವತ್ತೂ ಕೊಟ್ಟೇ ಇಲ್ಲವೆಂದಲ್ಲ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಎನ್. ಸೀತಾರಾಂ ಮತ್ತು ಸಂಗಡಿಗರು ಆರೋಗ್ಯವಂತರಿಗೆ 4 ಮಿಲಿಗ್ರಾಂ ಅರೆಕೋಲಿನ್ ಚುಚ್ಚಿ, ಪದಗಳ ಪಟ್ಟಿಯನ್ನು ಅವರು ಬೇಗನೆ ಕಲಿಯುತ್ತಾರೆಂದು 1978ರಲ್ಲಿ ಪ್ರಕಟಿಸಿದರು. ಮರೆಗುಳಿ ರೋಗವಾದ ಆಲ್‌ಝೈಮರ್‌ಗೆ ಇದು ಆದೀತೇ ಎಂಬ ಪ್ರಯತ್ನಗಳು ಆಮೇಲೆ ನಡೆದವು. ಅರೆಕೋಲಿನ್ ಮೈಯಲ್ಲಿ ಹೆಚ್ಚು ಹೊತ್ತು ನಿಲ್ಲದ್ದರಿಂದಲೂ, ಜೊಲ್ಲು, ಬೆವರು, ಹೊಟ್ಟೆ ತೊಳಸುವಿಕೆಗಳಿಂದಲೂ ಅದು ಔಷಧಿಯಾಗಲಿಲ್ಲ.

ಆದರೆ ರಸಾಯನಶಾಸ್ತ್ರಜ್ಞರು ಅದರ ಆಕಾರವನ್ನು ಬಿಡಲಿಲ್ಲ. ಅರೆಕೋಲಿನ್‌ನ ಅಚ್ಚನ್ನೇ ಇಟ್ಟುಕೊಂಡು ಒಂದು ಭಾಗವನ್ನು ಬದಲಾಯಿಸಿ ಕ್ಸಾನೋಮೆಲಿನ್ ಎಂಬ ಹೊಸ ವಸ್ತುವನ್ನು 1990ರ ದಶಕದ ಆರಂಭದಲ್ಲಿ ತಯಾರಿಸಿದರು. ಅದಕ್ಕೂ ಅದೇ ಹೊಟ್ಟೆಯ ತೊಂದರೆ ಅಡ್ಡ ಬಂದು ಬಹುಕಾಲ ಮೂಲೆಯಲ್ಲಿ ಉಳಿಯಿತು. ಕೊನೆಗೆ ಮಿದುಳಿನೊಳಕ್ಕೆ ಹೋಗದ, ಮೈಯ ಬೀಗಗಳನ್ನು ಮಾತ್ರ ಮುಚ್ಚುವ ಟ್ರೋಸ್ಪಿಯಂ ಎಂಬ ಇನ್ನೊಂದು ಮದ್ದನ್ನು ಜೊತೆಗೆ ಸೇರಿಸಿದರು. ಇಲಿಗಳಲ್ಲಿ ಮೀಥೈಲ್ ಅಟ್ರೊಪಿನ್ ಹಾಕಿದ ಅಗುಳಿಯ ಉಪಾಯವೇ ಇಲ್ಲಿಯೂ! ಸ್ಕಿಜೋಫ್ರೇನಿಯಾ ಎಂಬ ಮನೋರೋಗಕ್ಕೆ ಈ ಜೋಡಿ ಔಷಧಿಯನ್ನು ಅಮೆರಿಕದ ಔಷಧ ಪ್ರಾಧಿಕಾರ 2024ರ ಸೆಪ್ಟೆಂಬರ್‌ನಲ್ಲಿ ಅಂಗೀಕರಿಸಿತು. ನಮ್ಮ ದೃಷ್ಟಿಯಲ್ಲಿ ಅಡಿಕೆಯ ವಂಶದಿಂದ ಬಂದ ನಿಜವಾದ ಆಧುನಿಕ ಔಷಧಿಯೆಂದರೆ ಇದು. ಇದರಲ್ಲಿ ಒಂದೇ ಒಂದು ಗೋಟು ಅಡಿಕೆಯೂ ಇಲ್ಲ ಎಂಬುದನ್ನೂ ಹೇಳಲೇಬೇಕು. ಎಲ್ಲವೂ ಕಾರ್ಖಾನೆಯಲ್ಲಿ ತಯಾರಾಗುತ್ತದೆ.

ಧಾರಣೆಗೆ ಇದರಿಂದ ಏನಾದೀತು?

ನಮ್ಮ ಸದಸ್ಯರಿಗೆ ಮುಖ್ಯವಾದ ಪ್ರಶ್ನೆ ಇದೇ. ಲೆಕ್ಕ ಹಾಕಿಯೇ ನೋಡೋಣ. ಶಾಕ್‌ಗೋ ಇನ್ನಾವುದಕ್ಕೋ ಅರೆಕೋಲಿನ್ ಮದ್ದಾಗಿ ಅಂಗೀಕಾರ ಪಡೆಯಿತೆಂದೇ ಇಟ್ಟುಕೊಳ್ಳೋಣ. ಒಂದು ಚುಚ್ಚುಮದ್ದಿಗೆ ಮೇಲೆ ಹೇಳಿದ 4 ಮಿಲಿಗ್ರಾಂ ಬೇಕೆನ್ನೋಣ. ಅಡಿಕೆಯಲ್ಲಿ ಅರೆಕೋಲಿನ್ ನೂರಕ್ಕೆ 0.3 ಪಾಲು ಮಾತ್ರ ಎಂದು ಕಡಿಮೆಯೇ ಹಿಡಿಯೋಣ. ಆಗ ಒಂದು ಕ್ವಿಂಟಲ್ ಅಡಿಕೆಯಲ್ಲಿ 300 ಗ್ರಾಂ ಸತ್ವ, ಅಂದರೆ 75,000 ಚುಚ್ಚುಮದ್ದು. ಒಂದು ಕೋಟಿ ಚುಚ್ಚುಮದ್ದಿಗೆ ಬೇಕಾಗುವುದು ಸುಮಾರು 133 ಕ್ವಿಂಟಲ್ ಅಡಿಕೆ. ಸತ್ವ ತೆಗೆಯುವಾಗ ಅರ್ಧ ವ್ಯರ್ಥವಾದರೂ ಎರಡು ಲಾರಿ ಲೋಡು. ಅಷ್ಟು ಅಡಿಕೆ ನಮ್ಮ ಒಂದು ಊರಿನ ಗೋದಾಮಿನಲ್ಲಿಯೇ ಸಿಕ್ಕೀತು. ಅದಲ್ಲದೆ ಅರೆಕೋಲಿನ್‌ಅನ್ನು ಅಡಿಕೆಯೇ ಇಲ್ಲದೆ ಪ್ರಯೋಗಶಾಲೆಯಲ್ಲಿಯೂ ತಯಾರಿಸಬಹುದು.

ಕಾಫಿ ಬೆಳೆಗಾರ ಮಿತ್ರರಿಗೆ ಇದರ ಇನ್ನೊಂದು ಮುಖ ಗೊತ್ತಿದೆ. ಕೆಫೀನ್ ತೆಗೆದ ಕಾಫಿ ತಯಾರಿಸುವಾಗ ಹೊರಬಂದ ಕೆಫೀನ್ ತಂಪು ಪಾನೀಯ, ಔಷಧಿಗಳ ತಯಾರಕರಿಗೆ ಮಾರಾಟವಾಗುತ್ತದೆ. ಆದರೆ ಕಾಫಿಯ ಧಾರಣೆಯನ್ನು ನಿಲ್ಲಿಸಿರುವುದು ಕುಡಿಯುವವನ ಲೋಟವೇ ಹೊರತು ಆ ಕೆಫೀನ್ ಚೀಲವಲ್ಲ. ಅಡಿಕೆಗೆ ಪರ್ಯಾಯ ಉಪಯೋಗ ಬೇಕೆನ್ನುವವರು ಅರೆಕೋಲಿನ್‌ಗಿಂತ ಚೊಗರಿನ ಟ್ಯಾನಿನ್, ಹಾಳೆ, ಸಿಪ್ಪೆಯ ನಾರು ಇವುಗಳ ಕಡೆಗೆ ನೋಡುವುದು ಮೇಲು. ಅವು ಟನ್ನುಗಟ್ಟಲೆ ಬೇಕಾಗುವ ಸರಕುಗಳು.

ಇನ್ನೂ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಡಿಕೆಯನ್ನು, ಹೊಗೆಸೊಪ್ಪು ಸೇರದಿದ್ದರೂ, ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. 2020ರಲ್ಲಿ ಅರೆಕೋಲಿನ್‌ಅನ್ನೇ ಬೇರೆಯಾಗಿ ಪರಿಶೀಲಿಸಿ, ಕ್ಯಾನ್ಸರ್ ತರುವ ಸಾಧ್ಯತೆ ಇರುವ ವಸ್ತುಗಳ ಗುಂಪಿನಲ್ಲಿ ಇಟ್ಟಿತು. ಬಾಯಿಯ ಒಳಚರ್ಮ ಬಿಗಿದು ಬಾಯಿ ತೆರೆಯಲಾಗದಂತೆ ಮಾಡುವ ರೋಗಕ್ಕೂ ಅಡಿಕೆ ಜಗಿಯುವುದೇ ಮುಖ್ಯ ಕಾರಣವೆಂದು ವೈದ್ಯರು ಹೇಳುತ್ತಾರೆ. ಈ ತೀರ್ಮಾನಗಳು ನಮಗೆ ಹಿತವಲ್ಲ. ಆದರೆ ಪ್ರಯೋಗಶಾಲೆ ನಮ್ಮ ಬೆಳೆಯನ್ನು ಹೊಗಳಿದಾಗ ಅದು ವಿಜ್ಞಾನ, ತೆಗಳಿದಾಗ ಅದು ಪಿತೂರಿ ಎನ್ನುವುದು ನಡೆಯುವ ಮಾತಲ್ಲ. ಕೆಲವು ನಿಮಿಷಗಳ ಮಟ್ಟಿಗೆ ವೈದ್ಯರ ಕಣ್ಗಾವಲಿನಲ್ಲಿ ಕೊಡುವ ಮಿಲಿಗ್ರಾಂ ಲೆಕ್ಕದ ಮದ್ದು ಬೇರೆ, ಮೂವತ್ತು ವರ್ಷ ದವಡೆಯಲ್ಲಿಟ್ಟು ಜಗಿಯುವುದು ಬೇರೆ. ಒಂದರಿಂದ ಇನ್ನೊಂದಕ್ಕೆ ಪ್ರಶಸ್ತಿಪತ್ರ ಸಿಗುವುದಿಲ್ಲ.

ತೋಟದಲ್ಲಿ ಅವಘಡವಾದರೆ

ಈ ಸುದ್ದಿಯನ್ನು ಅರ್ಧ ಕೇಳಿದ ಯಾರಾದರೂ ಮರದಿಂದ ಬಿದ್ದವನ ಬಾಯಿಗೆ ಅಡಿಕೆ ಹಾಕಿಯಾರೆಂಬ ಭಯ ನಮಗಿದೆ. ಹಾಗೆ ಎಂದೂ ಮಾಡಬಾರದು. ಅರೆಪ್ರಜ್ಞೆಯಲ್ಲಿರುವವನ ಬಾಯಿಗೆ ಅಡಿಕೆಯಾಗಲಿ, ನೀರಾಗಲಿ, ಕಾಫಿಯಾಗಲಿ ಯಾವುದನ್ನೂ ಹಾಕಬಾರದು. ಅದು ಶ್ವಾಸನಾಳಕ್ಕೆ ಇಳಿದೀತು. ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಬೇಕಾದರೆ ಹೊಟ್ಟೆ ಖಾಲಿ ಇರುವುದೂ ಒಳ್ಳೆಯದು.

ಬಿದ್ದವನನ್ನು ಕೂಡಲೇ ಎತ್ತಿ ಕೂರಿಸಬೇಡಿ. ಬೆನ್ನುಮೂಳೆ ಮುರಿದಿರಬಹುದು. ಮಲಗಿದಲ್ಲಿಯೇ ಇರಲಿ, ಕುತ್ತಿಗೆ ಅಲುಗಾಡದಿರಲಿ. ರಕ್ತ ಸುರಿಯುವ ಗಾಯವಿದ್ದರೆ ಮಡಿಸಿದ ಶುದ್ಧ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ನಡುನಡುವೆ ತೆಗೆದು ನೋಡಬೇಡಿ. ಮೈ ತಣ್ಣಗಾಗದಂತೆ ಕಂಬಳಿ ಹೊದೆಸಿ. 108ಕ್ಕೆ ಫೋನು ಮಾಡಿ, ತೋಟದ ದಾರಿ ಗೊತ್ತಿರುವ ಒಬ್ಬರನ್ನು ರಸ್ತೆಗೆ ಕಳುಹಿಸಿ. ಆಂಬುಲೆನ್ಸ್ ಬರುವವರೆಗೆ ಸಾಗಿಸಲೇಬೇಕಾಗಿ ಬಂದರೆ ಬಾಗಿಲಿನ ಹಲಗೆ ಅಥವಾ ಏಣಿಯ ಮೇಲೆ ಮೈ ನೇರವಾಗಿರುವಂತೆ ಮಲಗಿಸಿ, ನಾಲ್ಕು ಜನ ಸೇರಿ ಒಂದೇ ಬಾರಿಗೆ ಎತ್ತಬೇಕು. ಬಿದ್ದವನು ಎದ್ದು ಕುಳಿತು ತನಗೇನೂ ಆಗಿಲ್ಲವೆಂದರೂ, ಮುಖ ಬಿಳಿಚಿದ್ದು ನಾಡಿ ಓಡುತ್ತಿದ್ದರೆ ಒಳಗೆ ರಕ್ತ ಸೋರುತ್ತಿದೆಯೆಂದೇ ತಿಳಿದು ಆಸ್ಪತ್ರೆಗೆ ಕರೆದೊಯ್ಯಿರಿ. ಕೊನೆಕೊಯ್ಲಿನ ಮತ್ತು ಮದ್ದು ಹೊಡೆಯುವ ದಿನಗಳಲ್ಲಿ ತೋಟದ ಮನೆಯಲ್ಲಿ ಒಂದು ಕಂಬಳಿ, ಒಂದಷ್ಟು ಶುದ್ಧ ಬಟ್ಟೆ, ಚಾರ್ಜು ಇರುವ ಒಂದು ಫೋನು ಸಿದ್ಧವಾಗಿರಲಿ.